ಕರಾವಳಿಯ ಮನೆಗೆ ಯಾವ ಹೂಗಿಡ? ರಾತ್ರಿಯ ಸೆಕೆ ಲೆಕ್ಕ ಹಾಕಿ ಆರಿಸಿ

ಜನವರಿ ಕೊನೆಗೆ ಮಂಗಳೂರಿನ ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಹೂವಿನ ಫೋಟೋಗಳು ಬರತೊಡಗುತ್ತವೆ. ತಟ್ಟೆಯಷ್ಟು ದೊಡ್ಡ ಡೇರೆ, ಕಡುಗೆಂಪು ಗುಲಾಬಿ, ಬುಟ್ಟಿಯಿಂದ ಇಳಿಬಿದ್ದ ಪೆಟುನಿಯಾ. ಜೊತೆಗೊಂದು ಸಾಲು: "ಇದು ನಮ್ಮಲ್ಲಿ ಆದೀತಾ?" ಏಪ್ರಿಲ್ ಹೊತ್ತಿಗೆ ಅದೇ ಮನೆಗಳಿಂದ ಇನ್ನೊಂದು ಫೋಟೋ ಬರುತ್ತದೆ. ಗುಲಾಬಿ ಬಿಳಿಚಿದೆ, ನಾಣ್ಯದಷ್ಟಕ್ಕೆ ಇಳಿದಿದೆ. ಪೆಟುನಿಯಾ ಒಣಗಿ ಹೋಗಿದೆ. "ನೀರು ಕಮ್ಮಿ ಆಯಿತಾ? ಗೊಬ್ಬರ ಸಾಲದಾ?" ಎಂದು ಕೇಳುತ್ತಾರೆ. ಹೆಚ್ಚಿನವರ ಆರೈಕೆಯಲ್ಲಿ ತಪ್ಪಿರುವುದಿಲ್ಲ, ಆಯ್ಕೆಯಲ್ಲಿ ಇರುತ್ತದೆ.

ಈ ಸಲ ಮೂವರು ಗೊಂದಲದಲ್ಲಿದ್ದಾರೆ. ಬಿಜೈಯ ಏಳನೇ ಮಹಡಿಯ ಫ್ಲ್ಯಾಟಿನ ಒಬ್ಬ ಅಕ್ಕನಿಗೆ ಪಶ್ಚಿಮಕ್ಕೆ ತೆರೆದ ಬಾಲ್ಕನಿ. ಗುಲಾಬಿಯೇ ಬೇಕೆಂಬ ಆಸೆ, ಆಗದಿದ್ದರೆ ಆರ್ಕಿಡ್. ಉಡುಪಿಯ ಕುಂಜಿಬೆಟ್ಟಿನ ನಿವೃತ್ತ ದಂಪತಿಗೆ ದೊಡ್ಡ ತಾರಸಿ. ದಿನಾ ದೇವರಿಗೆ ನಾಲ್ಕು ಹೂ ಸಿಗಬೇಕು, ಬಗ್ಗಿ ಏಳುವ ಕೆಲಸ ಆಗದು. ಕಾಪು ಹತ್ತಿರದ ಒಬ್ಬ ಹೆಣ್ಣುಮಗಳಿಗೆ ಮನೆಯ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ. ಮಲ್ಲಿಗೆ ನೆಟ್ಟು ಸ್ವಲ್ಪ ಸಂಪಾದಿಸುವುದೋ, ಗೊಂಡೆ (ಚೆಂಡುಹೂ), ಸೇವಂತಿಗೆ ಹಾಕಿ ಹಬ್ಬದ ಮಾರುಕಟ್ಟೆ ಹಿಡಿಯುವುದೋ ಎಂಬ ಲೆಕ್ಕಾಚಾರ ಅವಳದು. ಮೂವರ ಉತ್ತರವೂ ಬೇರೆ ಬೇರೆ. ಆದರೆ ಮೂವರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮೂರಿನ ರಾತ್ರಿ ಎಷ್ಟು ಬಿಸಿ?

ಹಗಲಲ್ಲ, ರಾತ್ರಿ

"ಇಲ್ಲಿಯ ಬಿಸಿಲಿಗೆ ಗುಲಾಬಿ ಆಗುವುದಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಸ್ವಲ್ಪ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ ಮಂಗಳೂರಿನ ಹಗಲು ಸರಾಸರಿ 34 ಡಿಗ್ರಿಯ ಆಸುಪಾಸು. ಬೆಂಗಳೂರಿನದೂ ಅಷ್ಟೇ. ಆದರೂ ಅಲ್ಲಿ ಗುಲಾಬಿ ಗುಲಾಬಿಯಂತೆಯೇ ಇರುತ್ತದೆ, ಇಲ್ಲಿ ಸೊರಗುತ್ತದೆ. ವ್ಯತ್ಯಾಸ ಸೂರ್ಯ ಮುಳುಗಿದ ಮೇಲೆ ಕಾಣುತ್ತದೆ. ಬೆಂಗಳೂರಿನ ರಾತ್ರಿ 22ರ ಹತ್ತಿರ ಇಳಿಯುತ್ತದೆ, ನಮ್ಮದು 25ರ ಕೆಳಗೆ ಸುಲಭಕ್ಕೆ ಇಳಿಯುವುದಿಲ್ಲ. ಕಡಲು ಹಗಲಿನ ಬಿಸಿಯನ್ನು ಹೆಚ್ಚು ಏರಲು ಬಿಡುವುದಿಲ್ಲ, ರಾತ್ರಿ ತಣಿಯಲೂ ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅಂತರ ಇನ್ನೂ ದೊಡ್ಡದು. ಅಲ್ಲಿ ಬೆಳಗಿನ ಜಾವ 15, 16 ಡಿಗ್ರಿ, ನಮ್ಮಲ್ಲಿ 21. ನಾವು ಚಳಿಗಾಲ ಎನ್ನುವ ಆ ತಿಂಗಳುಗಳಲ್ಲೂ ನಮ್ಮ ಮಧ್ಯಾಹ್ನ 32, 33ಕ್ಕೆ ಹೋಗುತ್ತದೆ. ಮಳೆಗಾಲದ ಮಾತೇ ಬೇರೆ: ಜುಲೈಯಲ್ಲಿ ಹಗಲು 28, 29, ರಾತ್ರಿ 23, 24. ಹಗಲು ರಾತ್ರಿಗೆ ಐದಾರು ಡಿಗ್ರಿಯ ಅಂತರ, ಅಷ್ಟೇ.

ಇದು ಗಿಡಕ್ಕೆ ಯಾಕೆ ಮುಖ್ಯ? ಎಲೆ ಹಗಲಿಡೀ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ. ರಾತ್ರಿ ತಯಾರಿ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಉಸಿರಾಡಲು ಖರ್ಚಾಗುವುದು ಹಗಲು ಕೂಡಿಟ್ಟ ಅದೇ ಸಕ್ಕರೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಈ ಖರ್ಚು ಸುಮಾರು ಎರಡು ಪಟ್ಟಾಗುತ್ತದೆ. ಬೆಂಗಳೂರಿನ ಜನವರಿಯ 15 ಡಿಗ್ರಿಯ ರಾತ್ರಿ ಕಳೆದ ಗಿಡಕ್ಕೂ ನಮ್ಮ ಏಪ್ರಿಲ್‌ನ 25 ಡಿಗ್ರಿಯ ರಾತ್ರಿ ಕಳೆದ ಗಿಡಕ್ಕೂ ಬೆಳಗ್ಗೆ ಉಳಿದಿರುವ ಗಂಟು ಒಂದೇ ಅಲ್ಲ. ದಳ ದಪ್ಪವಾಗುವುದು, ತೊಟ್ಟು ಉದ್ದವಾಗುವುದು, ಬಣ್ಣ ತುಂಬುವುದು ಎಲ್ಲವೂ ಆ ಉಳಿತಾಯದಿಂದಲೇ. ಉಳಿತಾಯ ಇಲ್ಲದ ಗಿಡ ಸಾಯುವುದಿಲ್ಲ. ಎಲೆ ಬಿಡುತ್ತಾ, ಸಣ್ಣ ಹೂ ಕೊಡುತ್ತಾ ದಿನ ದೂಡುತ್ತದೆ.

ಬಣ್ಣದ ಕತೆ ಇನ್ನೂ ಸೂಕ್ಷ್ಮ. ಗುಲಾಬಿ, ಸೇವಂತಿಗೆ, ಪೆಟುನಿಯಾಗಳ ಕೆಂಪು, ಗುಲಾಬಿ, ನೇರಳೆ ಬಣ್ಣಗಳಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ತಂಪಿನಲ್ಲಿ ಇದು ಹೆಚ್ಚು ತಯಾರಾಗುತ್ತದೆ, ತಯಾರಾದದ್ದು ಉಳಿಯುತ್ತದೆ. ಸೆಕೆಯಲ್ಲಿ ತಯಾರಿ ಕಡಿಮೆ, ಇದ್ದದ್ದೂ ಬೇಗ ಒಡೆದುಹೋಗುತ್ತದೆ. ಕೆಂಪು ಗುಲಾಬಿ ನಮ್ಮಲ್ಲಿ ಬಿಳಿಚುವುದು ಇದರಿಂದ. ಗೊಂಡೆಯ ಹಳದಿ, ಕೇಸರಿ ಬಣ್ಣಗಳು ಕ್ಯಾರೊಟಿನಾಯ್ಡ್ ಗುಂಪಿನವು, ಇವು ಶಾಖಕ್ಕೆ ಅಷ್ಟಾಗಿ ಅಂಜುವುದಿಲ್ಲ. ಬೋಗನ್‌ವಿಲ್ಲಾದ ಗಾಢ ಗುಲಾಬಿ ಬಣ್ಣ ಬೀಟ್‌ರೂಟಿನ ಬಣ್ಣದ ಬಳಗಕ್ಕೆ ಸೇರಿದ್ದು. ಅದಕ್ಕೆ ಬೇಕಾದದ್ದು ಬಿಸಿಲು. ಹಾಗಾಗಿ ನರ್ಸರಿಯಲ್ಲಿ ಹೂ ನೋಡುವಾಗ ಚಂದ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ಆ ಚಂದ ಯಾವ ಊರಿನ ರಾತ್ರಿಯಲ್ಲಿ ತಯಾರಾದದ್ದು ಎಂದು ವಿಚಾರಿಸಬೇಕು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದ ಗಿಡ ಅಲ್ಲಿಯ ಬಣ್ಣವನ್ನೇ ಹೊತ್ತು ತಂದಿರುತ್ತದೆ. ಮುಂದಿನ ಮೊಗ್ಗು ಮಾತ್ರ ನಮ್ಮ ಊರಿನದು.

ಇದಕ್ಕೆ ತಿರುಗಾಮುರುಗ ನಡೆಯುವ ಒಂದು ಹೂವೂ ಇದೆ. ಬೆಳಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಗುಲಾಬಿಯಾಗುವ ದೊಡ್ಡ ದಾಸವಾಳವನ್ನು ಹಲವರ ಹಿತ್ತಿಲಲ್ಲಿ ನೋಡಿರುತ್ತೀರಿ. ಬೆಳಗ್ಗೆ ಕಿತ್ತ ಒಂದು ಹೂವನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಮೇಜಿನ ಮೇಲೆ ಇಟ್ಟು ನೋಡಿ. ಫ್ರಿಜ್ಜಿನದು ಬಿಳಿಯಾಗಿಯೇ ಉಳಿಯುತ್ತದೆ, ಹೊರಗೆ ತೆಗೆದ ಮೇಲೆ ನಿಧಾನಕ್ಕೆ ಬಣ್ಣ ಏರುತ್ತದೆ. ಮೊಮ್ಮಗಳ ಜೊತೆ ಇದನ್ನು ಮಾಡಿ ನೋಡಿದ ದಿನ, ತಾಪಮಾನಕ್ಕೂ ಬಣ್ಣಕ್ಕೂ ಇರುವ ನಂಟು ನನಗೆ ಯಾವ ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯಿತು.

ಯಾವುದನ್ನು ನೋಡಿ ಆರಿಸುವುದು

ನಾನು ಗಿಡ ತರುವ ಮೊದಲು ನಾಲ್ಕು ವಿಷಯ ತೂಗುತ್ತೇನೆ. ಅದಕ್ಕೆ ರಾತ್ರಿ 20ರ ಕೆಳಗಿನ ತಂಪು ಬೇಕೇ ಎಂಬುದು ಮೊದಲನೆಯದು. ಬೇಕು ಎಂದಾದರೆ ಇಲ್ಲಿ ಅದು ಅತಿಥಿ, ಮನೆಮಂದಿಯಲ್ಲ. ಎರಡನೆಯದು ಮಳೆಗಾಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಸೆಕೆ ತಡೆದ ಗಿಡ ಆಟಿಯ (ಜುಲೈ, ಆಗಸ್ಟ್) ಮಳೆಯಲ್ಲಿ ಬೇರು ಕೊಳೆತು ಹೋದರೆ ಏನು ಬಂತು? ಮೂರನೆಯದು ನಿಮಗೆ ಹೂ ಯಾವ ತಿಂಗಳಲ್ಲಿ ಬೇಕು, ಯಾತಕ್ಕೆ ಬೇಕು ಎಂಬುದು. ಮುಡಿಯಲು, ದೇವರಿಗೆ, ನೋಡಲು, ಮಾರಲು ಒಂದೊಂದಕ್ಕೆ ಒಂದೊಂದು ಗಿಡ. ಕೊನೆಗೆ ಖರ್ಚು, ಅದರಲ್ಲೂ ಗಿಡದ ಬೆಲೆಗಿಂತ ಅದನ್ನು ಎಷ್ಟು ಸಲ ಹೊಸದಾಗಿ ಕೊಳ್ಳಬೇಕಾಗುತ್ತದೆ ಎಂಬ ಲೆಕ್ಕ.

ಗುಲಾಬಿ: ಆಸೆ ಇದ್ದರೆ ಹೀಗೆ

ನಾನೂ ಗುಲಾಬಿಯ ಆಸೆಗೆ ಬಿದ್ದವನೇ. ಒಂದು ಡಿಸೆಂಬರಿನಲ್ಲಿ ರಸ್ತೆ ಬದಿಯ ಗಾಡಿಯಿಂದ ಹನ್ನೆರಡು ಗಿಡ ತಂದೆ. ಎಲ್ಲವೂ ಕಸಿ ಕಟ್ಟಿದ ದೊಡ್ಡ ಹೂವಿನ ಜಾತಿ. ಬರುವಾಗಲೇ ಇದ್ದ ಮೊಗ್ಗುಗಳು ಸೊಗಸಾಗಿ ಅರಳಿದವು. ಫೆಬ್ರವರಿಯಲ್ಲಿ ಬಂದ ಎರಡನೇ ಸುತ್ತಿನ ಹೂಗಳಲ್ಲಿ ದಳಗಳೇ ಕಡಿಮೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಬಿರಿದದ್ದು ಸಂಜೆಗೆ ಉದುರುತ್ತಿತ್ತು. ಜುಲೈಯಲ್ಲಿ ಎಲೆಗಳ ಮೇಲೆ ಕಪ್ಪು ಚುಕ್ಕಿ ಹಬ್ಬಿ ಎಂಟು ಗಿಡ ಬೋಳಾದವು.

ಈಗ ಕಾರಣ ಗೊತ್ತಿದೆ. ಈ ಜಾತಿಯ ಗುಲಾಬಿಗೆ ಹಗಲು 25ರ ಆಸುಪಾಸು, ರಾತ್ರಿ 15ರಿಂದ 18 ಡಿಗ್ರಿ ಹಿತ. ಬಿಸಿ ಹೆಚ್ಚಿದಂತೆ ಮೊಗ್ಗು ಬೇಗ ಬಲಿಯುತ್ತದೆ. ಬೇಗ ಬಲಿತ ಮೊಗ್ಗಿನಲ್ಲಿ ದಳ ಕಡಿಮೆ, ಹೂ ಸಣ್ಣದು, ತೊಟ್ಟು ಗಿಡ್ಡ, ಬಾಳಿಕೆಯೂ ಕಡಿಮೆ. ಗೊಬ್ಬರ ಸುರಿದು ಇದನ್ನು ಸರಿಮಾಡಲು ಆಗುವುದಿಲ್ಲ. ಸೆಕೆಯಲ್ಲಿ ಹೆಚ್ಚು ಗೊಬ್ಬರ ಬಿದ್ದರೆ ಬೇರು ಸುಡುವ ಅಪಾಯವೇ ಹೆಚ್ಚು.

ಹಾಗಾದರೆ ಬೇಡವೇ? ಎರಡು ದಾರಿ ಇವೆ. ಗೊಂಚಲು ಬಿಡುವ ಸಣ್ಣ ಹೂವಿನ ಜಾತಿ, ನಾವು ಬಟನ್ ಗುಲಾಬಿ ಎನ್ನುವಂಥವು, ನಮ್ಮ ಸೆಕೆಗೆ ಹೆಚ್ಚು ಹೊಂದಿಕೊಳ್ಳುತ್ತವೆ. ಹೂ ಮೊದಲೇ ಸಣ್ಣದಾದ್ದರಿಂದ ಕುಗ್ಗಿದರೂ ನೋವಿಲ್ಲ. ತಿಳಿ ಗುಲಾಬಿ ಬಣ್ಣದ್ದನ್ನು ಆರಿಸಿದರೆ ಬಣ್ಣ ಮಾಸಿದ್ದೂ ಎದ್ದು ಕಾಣುವುದಿಲ್ಲ. ಇಲ್ಲವೇ ದೊಡ್ಡ ಗುಲಾಬಿಯನ್ನು ಮೂರು ತಿಂಗಳ ಹೂ ಎಂದೇ ಒಪ್ಪಿಕೊಂಡು ಸಾಕುವುದು. ಅಕ್ಟೋಬರಿನಲ್ಲಿ ಗೆಲ್ಲು ಕತ್ತರಿಸಿದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಹೂ ಸಿಗುತ್ತದೆ. ಏಪ್ರಿಲ್, ಮೇಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ ಬಂದ ಮೊಗ್ಗನ್ನು ಚಿವುಟಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಮಳೆಗಾಲದಲ್ಲಿ ಮಾಡಿನ (ಸೂರಿನ) ಅಡಿಗೆ ಎತ್ತಿಡಬೇಕು. ಇಷ್ಟು ಕೆಲಸಕ್ಕೆ ಮನಸ್ಸಿದ್ದವರು ತನ್ನಿ.

ಸೇವಂತಿಗೆಯೋ, ಗೊಂಡೆಯೋ

ಚೌತಿ, ನವರಾತ್ರಿ ಬಂತೆಂದರೆ ಹಾಸನ, ಹಾವೇರಿ ಕಡೆಯವರು ಹೂವಿನ ಮೂಟೆ ತಂದು ನಮ್ಮ ರಸ್ತೆ ಬದಿಗಳಲ್ಲಿ ರಾಶಿ ಹಾಕುತ್ತಾರೆ. ಅದನ್ನು ನೋಡಿದವರಿಗೆ "ನಾವೇ ಬೆಳೆದರೆ?" ಅನಿಸುವುದು ಸಹಜ.

ಸೇವಂತಿಗೆಗೆ ಎರಡು ಷರತ್ತು. ಹಗಲು ಗಿಡ್ಡವಾಗಬೇಕು, ರಾತ್ರಿ ತಂಪಾಗಬೇಕು. ಹಗಲು ಇಲ್ಲಿಯೂ ಗಿಡ್ಡವಾಗುತ್ತದೆ, ರಾತ್ರಿ ಬೇಕಾದಷ್ಟು ತಣಿಯುವುದಿಲ್ಲ. ಮೊಗ್ಗು ಕಟ್ಟಿದರೂ ಬಲಿಯಲು ತಡ ಮಾಡುತ್ತದೆ, ಅರಳಿದ ಹೂ ಸಡಿಲ, ನೇರಳೆ ಬಣ್ಣದ ಜಾತಿಯಾದರೆ ಪೇಲವ. ಹಬ್ಬಕ್ಕೆ ಸರಿಯಾಗಿ ಕೊಯ್ಲಿಗೆ ಬಂದೀತೆಂಬ ಭರವಸೆ ಇಲ್ಲದ ಬೆಳೆಯನ್ನು ಮಾರಾಟಕ್ಕೆ ಹಾಕುವುದು ಬೇಡ ಎನ್ನುತ್ತೇನೆ. ಮನೆಯ ಚಟ್ಟಿಗಾದರೆ ಹಳದಿ ಅಥವಾ ಬಿಳಿಯದನ್ನು ತನ್ನಿ. ಬೀದಿದೀಪದ ಬೆಳಕು ಬೀಳದ ಕಡೆ ಇಡಿ, ಏಕೆಂದರೆ ರಾತ್ರಿಯ ಕತ್ತಲು ಒಡೆದರೆ ಗಿಡಕ್ಕೆ ಹಗಲು ಇನ್ನೂ ಉದ್ದವಿದೆಯೆಂದೇ ಲೆಕ್ಕ. ಕ್ರಿಸ್‌ಮಸ್‌ಗೆಂದು ತರುವ ಪಾಯಿನ್ಸೆಟಿಯಾದ ಎಲೆ ಇಲ್ಲಿ ಕೆಂಪೇರಲು ಸತಾಯಿಸುವುದಕ್ಕೂ ಇವೇ ಎರಡು ಕಾರಣ.

ಗೊಂಡೆ ಹಾಗಲ್ಲ. ಬೀಜ ಬಿತ್ತಿ ಎರಡು, ಎರಡೂವರೆ ತಿಂಗಳಲ್ಲಿ ಹೂ. ಬಣ್ಣ ಸೆಕೆಗೆ ಜಗ್ಗುವುದಿಲ್ಲ. ಕಡು ಬೇಸಗೆಯಲ್ಲಿ ಹೂ ಸಣ್ಣದಾಗುತ್ತದೆ, ನಿಜ. ಅದರ ನಿಜವಾದ ಶತ್ರು ಮಳೆ: ದಪ್ಪ ಹೂ ನೀರು ಕುಡಿದು ಕೊಳೆಯುತ್ತದೆ, ಗಿಡ ಮಗುಚಿ ಬೀಳುತ್ತದೆ. ಆದ್ದರಿಂದ ನಮ್ಮಲ್ಲಿ ಚೌತಿಗೆ ಗೊಂಡೆ ತೆಗೆಯುವುದು ಕಷ್ಟ, ದೀಪಾವಳಿಗೆ ಸಾಧ್ಯ. ಆಗಸ್ಟ್ ಕೊನೆಗೆ ಮಾಡಿನ ಅಡಿಯಲ್ಲಿ ಸಸಿ ಮಾಡಿಕೊಂಡು ಸೆಪ್ಟೆಂಬರಿನಲ್ಲಿ ಏರುಮಡಿಗೆ ನೆಡಬೇಕು. ಖರ್ಚು ಒಂದು ಹಿಡಿ ಬೀಜದ್ದು.

ಮಲ್ಲಿಗೆ

ಇನ್ನು ನಮ್ಮದೇ ಹೂ. ಶಂಕರಪುರದ ಸುತ್ತಮುತ್ತ ಬೆಳೆಯುವ, ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚ್ಯಂಕ ಪಡೆದ ಈ ಗಿಡಕ್ಕೆ ನಮ್ಮ ಸೆಕೆ ಶಿಕ್ಷೆಯೇ ಅಲ್ಲ. ರಾತ್ರಿ 25 ಡಿಗ್ರಿ ಇದ್ದರೆ ಗುಲಾಬಿ ನರಳುತ್ತದೆ, ಮಲ್ಲಿಗೆ ಚಿಗುರುತ್ತದೆ. ಚಿಗುರಿನ ತುದಿಯಲ್ಲೇ ಮೊಗ್ಗು. ಹಾಗಾಗಿ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಹೂವಿನ ಸುಗ್ಗಿ. ಜಾತ್ರೆ, ಮದುವೆಗಳ ಕಾಲವೂ ಅದೇ. ಮೂಲ್ಕಿಯ ಬಪ್ಪನಾಡಿನಲ್ಲಿ ದೇವಿಯ ಶಯನೋತ್ಸವಕ್ಕೆ ಮಲ್ಲಿಗೆಯ ರಾಶಿಯೇ ಬಂದು ಬೀಳುವುದನ್ನು ನೋಡಿದವರಿಗೆ ಆ ದಿನಗಳ ಗಿಡಗಳ ಹುರುಪು ಏನೆಂದು ಗೊತ್ತು.

ತಂಪು ಬಂದರೆ ಮಾತ್ರ ಇದು ಹಿಂದೆ ಸರಿಯುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಿಗುರು ನಿಧಾನ, ಮೊಗ್ಗು ಕಡಿಮೆ, ಇದ್ದದ್ದೂ ಸಣ್ಣದು. ಬೆಲೆ ಏರುವುದು ಆಗಲೇ. ಇದನ್ನು ಬಲ್ಲ ಬೆಳೆಗಾರರು ಮಳೆ ಬಿಟ್ಟ ಮೇಲೆ ಎಲೆ, ಗೆಲ್ಲು ಸವರಿ, ಸುಡುಮಣ್ಣು, ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ ಕೊಟ್ಟು ಗಿಡವನ್ನು ಬೇಸಗೆಗೆ ಸಿದ್ಧ ಮಾಡುತ್ತಾರೆ.

ಮಲ್ಲಿಗೆಯ ಗುಣಮಟ್ಟದಲ್ಲಿ ಕೊಯ್ದ ನಂತರದ ತಾಪಮಾನಕ್ಕೂ ಅಷ್ಟೇ ಪಾತ್ರ. ಮೊಗ್ಗನ್ನು ಬೆಳಕು ಹರಿಯುವ ಹೊತ್ತಿಗೆ ಕೊಯ್ಯುವುದು ಬರೀ ಸಂಪ್ರದಾಯವಲ್ಲ. ಬಿಸಿಲೇರಿದ ಮೇಲೆ ಕೊಯ್ದ ಮೊಗ್ಗು ಮೈಯಲ್ಲಿ ಬಿಸಿ ಇಟ್ಟುಕೊಂಡೇ ಬರುತ್ತದೆ, ಕಟ್ಟುವಷ್ಟರಲ್ಲಿ ಬಾಡುತ್ತದೆ, ಬೇಗ ಬಿರಿಯುತ್ತದೆ. ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತಿದ ಚೆಂಡು ಸಂಜೆಯವರೆಗೆ ತಂಪಾಗಿರುತ್ತದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಎಂದರೆ 3200 ಮೊಗ್ಗು. ಇದನ್ನು ದಿನಾ ಬೆಳಗ್ಗೆ ಒಂದೊಂದಾಗಿ ಕೊಯ್ದು, ಕಟ್ಟಿ, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಗಿಡಕ್ಕೆ ಹಾಕುವ ದುಡ್ಡು ಕಡಿಮೆ, ದುಡಿಯುವ ಬೆರಳುಗಳ ಲೆಕ್ಕ ದೊಡ್ಡದು. ಮಾರಾಟದ ಯೋಚನೆ ಇರುವವರು ಮೊದಲು ಮನೆಯಲ್ಲಿ ಕಟ್ಟುವ ಕೈ ಎಷ್ಟಿವೆ ಎಂದು ಎಣಿಸಲಿ. ಕೈತುಂಬ ಹೂವಿಗೆ ಮೂರನೇ ವರ್ಷದವರೆಗೆ ಕಾಯುವ ತಾಳ್ಮೆಯೂ ಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು, ಏರು ಮಾಡಿ ನೆಡಬೇಕು. ಮೊಗ್ಗು ಕೊರೆಯುವ ಹುಳವನ್ನು ಕಂಡ ದಿನವೇ ಆರಿಸಿ ತೆಗೆಯಬೇಕು. ಸೆಕೆಯ ವಿಷಯದಲ್ಲಿ ಮಾತ್ರ ನಿಶ್ಚಿಂತೆ.

ಪರಿಮಳ ಬೇಡ, ಮುಡಿಗೆ ಬಣ್ಣ ಸಾಕು ಎನ್ನುವವರಿಗೆ ಅಬ್ಬಲಿಗೆ (ಕನಕಾಂಬರ) ಇದೆ. ಸೆಕೆ ತಡೆಯುತ್ತದೆ, ಕೊಯ್ದ ಹೂ ಮಲ್ಲಿಗೆಗಿಂತ ಹೆಚ್ಚು ಹೊತ್ತು ಬಾಡದೆ ಉಳಿಯುತ್ತದೆ. ಬೇರಿಗೆ ಜಂತುಹುಳದ ಕಾಟ ಇರುವುದರಿಂದ ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ನೆಡಬೇಡಿ.

ದಿನವೂ ಹೂ ಬೇಕೆಂದರೆ

ದಾಸವಾಳ ಮತ್ತು ಕೇಪಳ (ಇಕ್ಸೋರಾ). ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವೇ ಇಲ್ಲ, ಅಷ್ಟು ಒಗ್ಗಿಕೊಂಡ ಗಿಡಗಳು. ಒಂದೇ ಎಚ್ಚರಿಕೆ: ನರ್ಸರಿಯಲ್ಲಿ ಎರಡು ಮೂರು ಬಣ್ಣ ಬೆರೆತ, ಅಂಗೈ ಮೀರುವ ಮಿಶ್ರತಳಿ ದಾಸವಾಳಗಳು ಕಣ್ಣು ಕುಕ್ಕುತ್ತವೆ. ಅವುಗಳ ಬಣ್ಣ ತಂಪು ತಿಂಗಳಲ್ಲಿ ಗಾಢ, ಬೇಸಗೆಯಲ್ಲಿ ತೆಳು. ಸೆಕೆ ಏರಿದ ವಾರ ಮೊಗ್ಗು ಉದುರಿಸುವುದೂ ಉಂಟು. ಬೆಲೆಯೂ ಊರಿನ ಕೆಂಪು ದಾಸವಾಳದ ಹಲವು ಪಟ್ಟು. ಕೆಂಪು ದಾಸವಾಳವಾದರೆ ನೆರೆಮನೆಯ ಬೇಲಿಯಿಂದ ಗೆಲ್ಲು ತಂದು ಊರಿದರೂ ಸಾಕು, ವರ್ಷವಿಡೀ ದೇವರ ತಟ್ಟೆ ತುಂಬಿಸುತ್ತದೆ. ದಿನಪೂಜೆಗೆ ಇದಕ್ಕಿಂತ ನೆಚ್ಚುವ ಗಿಡ ನನಗೆ ಗೊತ್ತಿಲ್ಲ.

ಆದರೆ ಮಳೆಗಾಲದ ಹಬ್ಬಗಳಿಗೆ ಇವೆರಡೇ ಸಾಲುವುದಿಲ್ಲ. ಶ್ರಾವಣದ ಶುಕ್ರವಾರ, ಆದಿತ್ಯವಾರ ಕೊಂಕಣಿ ಮನೆಗಳಲ್ಲಿ ಚೂಡಿ (ಪೂಜೆಯ ಹೂಗೊಂಚಲು) ಕಟ್ಟಲು ಹತ್ತು ಬಗೆಯ ಸಣ್ಣ ಹೂ ಬೇಕು. ಸೆಪ್ಟೆಂಬರ್ 8ರ, ಕ್ರೈಸ್ತರ ಮೊಂತಿ ಹಬ್ಬಕ್ಕೆ ಮೊದಲ ಒಂಬತ್ತು ದಿನ ಮಕ್ಕಳು ಮರಿಯ ಮಾತೆಗೆ ಅರ್ಪಿಸಲು ಹೂ ಹುಡುಕುತ್ತಾ ಬೇಲಿ ಬೇಲಿ ಅಲೆಯುತ್ತಾರೆ. ಆ ದಿನಗಳಿಗೆ ಹೇಳಿ ಮಾಡಿಸಿದಂಥವು ಗೌರಿ ಹೂ (ಕರ್ಣಕುಂಡಲ), ರತ್ನಗಂಧಿ, ಶಂಖಪುಷ್ಪ. ಹಗಲು 28, ರಾತ್ರಿ 23 ಎಂಬ ಏರಿಳಿತವಿಲ್ಲದ ಮಳೆಗಾಲದ ಹವೆಗೆ ಗೌರಿ ಹೂ ರಸ ತುಂಬಿ ನಿಲ್ಲುತ್ತದೆ, ಅದೇ ಗಿಡ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೇ ಸೋತು ಮಲಗುತ್ತದೆ. ಮೇ ಕೊನೆಗೆ ಬೀಜ ಚೆಲ್ಲಿದರೆ ಮುಂದಿನದನ್ನು ಮಳೆಯೇ ನೋಡಿಕೊಳ್ಳುತ್ತದೆ.

ಸುಡುವ ತಾರಸಿಗೆ

ತಾರಸಿಯ ಲೆಕ್ಕ ಅಂಗಳದ ಲೆಕ್ಕವಲ್ಲ. ಗಾಳಿ 34 ಡಿಗ್ರಿ ಇರುವಾಗ ಬರಿ ಕಾಂಕ್ರೀಟಿನ ಮೇಲ್ಮೈ 50 ದಾಟುತ್ತದೆ. ಅದರ ಮೇಲೆ ನೇರ ಇಟ್ಟ ಕಪ್ಪು ಪ್ಲಾಸ್ಟಿಕ್ ಚಟ್ಟಿಯ ಮಣ್ಣು 40 ಮೀರುವುದು ಸಾಮಾನ್ಯ. ಬೇರು ಅಷ್ಟು ಬಿಸಿಗೆ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಮಣ್ಣು ಒದ್ದೆ ಇದ್ದರೂ ಎಲೆ ಬಾಡಿದೆ ಎಂದರೆ ಇದೇ ಕಾರಣ, ಮತ್ತೆ ನೀರು ಹೊಯ್ಯಬೇಡಿ. ಮಣ್ಣಿನ ಚಟ್ಟಿ ಗೋಡೆಯಿಂದ ನೀರಾರಿಸಿ ತಣ್ಣಗಿರುತ್ತದೆ. ಕೆಂಪುಕಲ್ಲಿನ ಎರಡು ತುಂಡುಗಳ ಮೇಲೆ ಏರಿಸಿಟ್ಟರೆ ಅಡಿಯಿಂದ ಗಾಳಿ ಆಡುತ್ತದೆ. ಅರ್ಧ ಬಿಸಿಲು ತಡೆಯುವ ಹಸಿರು ಬಲೆಗೆ ಖರ್ಚು ಮಾಡಲಾಗದವರು ಎರಡು ಬೇಸಗೆ ತಿಂಗಳಿಗೆ ತೆಂಗಿನ ಮಡಲು ಹೊದೆಸಿದರೂ ಆದೀತು.

ಈ ಯಾವ ಗೋಜೂ ಬೇಡವೆಂದರೆ ಬೋಗನ್‌ವಿಲ್ಲಾ, ಅಡೇನಿಯಂ. ಬೋಗನ್‌ವಿಲ್ಲಾ ಮಳೆಗಾಲದಲ್ಲಿ ಬರೀ ಎಲೆ, ಡಿಸೆಂಬರಿನಿಂದ ಮೇವರೆಗೆ ಬರೀ ಬಣ್ಣ. ನೀರು ಕಡಿಮೆ ಕೊಟ್ಟಷ್ಟೂ ಬಣ್ಣ ಹೆಚ್ಚು. ಕೈತುಂಬ ನೀರು ಹಾಕಿ ಪ್ರೀತಿ ತೋರಿಸುವವರಲ್ಲಿ ಇದು ಹಸಿರು ಬಳ್ಳಿಯಾಗಿಯೇ ಉಳಿಯುತ್ತದೆ. ಅಡೇನಿಯಂಗೆ ಎಷ್ಟು ಬಿಸಿಯಾದರೂ ಸರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಮಾಡಿನ ಅಡಿಗೆ ಬರಲೇಬೇಕು. ಒಂದು ವಾರ ಮಳೆಯಲ್ಲಿ ಮರೆತರೆ ಆ ದಪ್ಪ ಬುಡ ಒಳಗಿನಿಂದ ಕೊಳೆಯುತ್ತದೆ. ಇದರ ಹಾಲು ವಿಷ, ಸಣ್ಣ ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

ಆರ್ಕಿಡ್, ಆಂಥೂರಿಯಂ

ಇಲ್ಲಿ ಹೆಸರು ನೋಡದೆ ಕೊಂಡು ದುಡ್ಡು ಕಳೆದುಕೊಳ್ಳುವವರು ಬಹಳ. ಪತಂಗದ ಹಾಗೆ ಅಗಲ ದಳ ಹರಡಿದ, ಉಡುಗೊರೆ ಅಂಗಡಿಯಲ್ಲಿ ಕಾಣುವ ಆರ್ಕಿಡ್ ಫಲೆನಾಪ್ಸಿಸ್. ಅದು ಹೂದಂಡು ಹಾಕಬೇಕಾದರೆ ಕೆಲವು ವಾರ ತಂಪು ಬೇಕು. ತಾಪಮಾನ 28 ದಾಟಿಯೇ ನಿಂತರೆ ಎಲೆ ಮೇಲೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಕೊಳ್ಳುವಾಗ ಇದ್ದ ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ, ನಂತರ ವರ್ಷಗಟ್ಟಲೆ ಎಲೆ ಒರೆಸುತ್ತಾ ಕೂರಬೇಕು. ದಿನಾ ಎಸಿ ಹಾಕುವ ಬೆಳಕಿನ ಕೋಣೆಯಿದ್ದರೆ ಡಿಸೆಂಬರ್, ಜನವರಿಯಲ್ಲಿ ಅಲ್ಲಿಟ್ಟು ನೋಡಬಹುದು. ಅಡಿಯಲ್ಲಿ ನೀರಿನ ತಟ್ಟೆ ಇಡಲು ಮರೆಯಬೇಡಿ, ಎಸಿ ಗಾಳಿ ಒಣ.

ಡೆಂಡ್ರೋಬಿಯಂ ಮಿಶ್ರತಳಿಗಳಿಗೆ ಈ ತಕರಾರಿಲ್ಲ. 20ರಿಂದ 35ರ ನಡುವೆ ಸುಖವಾಗಿರುತ್ತವೆ, ನಮ್ಮ ಒದ್ದೆ ಗಾಳಿ ಅವುಗಳಿಗೆ ತವರು. ತೆಂಗಿನ ಸಿಪ್ಪೆ, ಇದ್ದಿಲಿನಲ್ಲಿ ಕಟ್ಟಿ ಬೆಳಗಿನ ಬಿಸಿಲು ಬೀಳುವ ಕಡೆ ತೂಗುಹಾಕಿ. ವ್ಯಾಂಡಾ ಕೂಡ ಆದೀತು, ಬೆಲೆ ಹೆಚ್ಚು. ಪಶ್ಚಿಮ ಘಟ್ಟದ ಸೀತಾಳೆ ದಂಡೆ ಮಳೆಯ ಆರಂಭದಲ್ಲಿ ಗೊಂಚಲು ಇಳಿಬಿಡುವುದು ಎಷ್ಟು ಚಂದವೆಂದರೆ ಮರದಿಂದ ಕಿತ್ತು ತರುವ ಆಸೆಯಾಗುತ್ತದೆ. ದಯವಿಟ್ಟು ಬೇಡ, ಕಾಡಿನಲ್ಲೇ ನೋಡಿ ಬನ್ನಿ.

ಆಂಥೂರಿಯಂಗೆ ನೆರಳು, ತೇವ, 30ರ ಒಳಗಿನ ಗಾಳಿ. ಅಡಿಕೆ ತೋಟದ ಬದಿ, ಮನೆಯ ಉತ್ತರದ ಚಾವಡಿ ಇದಕ್ಕೆ ಪ್ರಶಸ್ತ. ಒಂದು ಹೂ ವಾರಗಟ್ಟಲೆ ಗಿಡದಲ್ಲೇ ನಿಲ್ಲುತ್ತದೆ. ನೇರ ಬಿಸಿಲು ಬಿದ್ದರೆ ಎಲೆ ಸುಟ್ಟ ಕಲೆ.

ಪ್ರದರ್ಶನದಲ್ಲಿ ಮನಸೆಳೆದ ಪೆಟುನಿಯಾ, ಸಾಲ್ವಿಯಾ, ಡೇರೆಗಳ ಬಗ್ಗೆ ಎರಡೇ ಮಾತು. ನವೆಂಬರಿನಲ್ಲಿ ತಂದು ಫೆಬ್ರವರಿವರೆಗೆ ಸಂತೋಷಪಡಿ, ಮಾರ್ಚ್‌ನಲ್ಲಿ ಅವು ಹೋದರೆ ಬೇಸರಿಸಬೇಡಿ. ಸೆಕೆಗಾಲಕ್ಕೆ ಅದೇ ಚಟ್ಟಿಯಲ್ಲಿ ಜೀನಿಯಾ ಹಾಕಿ. ಟ್ಯೂಲಿಪ್ ಗಡ್ಡೆ ಮಾತ್ರ ಕೊಳ್ಳಲೇಬೇಡಿ. ಮೂರು ನಾಲ್ಕು ತಿಂಗಳು ಹತ್ತು ಡಿಗ್ರಿಯ ಕೆಳಗೆ ಮಲಗದೆ ಅದು ಹೂವಿಗೆ ಏಳುವುದಿಲ್ಲ.

ಕೇಳಿದ ಮೂವರಿಗೆ

ಕಾಪುವಿನ ಹೆಣ್ಣುಮಗಳಿಗೆ: ಮಲ್ಲಿಗೆಯೇ ಸರಿ. ಆದರೆ ಹತ್ತೂ ಸೆಂಟ್ಸಿಗೆ ಒಮ್ಮೆಲೇ ನೆಡಬೇಡಮ್ಮ. ನೀನೂ ಅತ್ತೆಯೂ ಕೂತು ಬೆಳಗ್ಗೆ ಎಷ್ಟು ಹೂ ಕಟ್ಟಬಲ್ಲಿರಿ ಎಂದು ನೋಡಿ ಇಪ್ಪತ್ತು ಇಪ್ಪತ್ತೈದು ಗಿಡದಿಂದ ಶುರು ಮಾಡು. ಮೊದಲ ಎರಡು ವರ್ಷ ಸಾಲುಗಳ ನಡುವೆ ದೀಪಾವಳಿಯ ಗೊಂಡೆ ಹಾಕು, ಕೈಗೆ ಸ್ವಲ್ಪ ಕಾಸು ಬರುತ್ತದೆ. ಸೇವಂತಿಗೆಯ ಯೋಚನೆ ಬಿಡು.

ಕುಂಜಿಬೆಟ್ಟಿನ ಹಿರಿಯರಿಗೆ: ಸೊಂಟದೆತ್ತರದ ಕಟ್ಟೆಯ ಮೇಲೆ ಮಣ್ಣಿನ ದೊಡ್ಡ ಚಟ್ಟಿಗಳಲ್ಲಿ ಎರಡು ಕೆಂಪು ದಾಸವಾಳ, ಎರಡು ಕೇಪಳ, ಒಂದು ಮಲ್ಲಿಗೆ ಇಡಿ. ನೋಟಕ್ಕೆ ಒಂದು ಬೋಗನ್‌ವಿಲ್ಲಾ. ಬಗ್ಗುವ ಕೆಲಸವಿಲ್ಲ, ಮಳೆಗೆ ಎತ್ತಿಡುವ ಕೆಲಸವೂ ಇಲ್ಲ. ಶಂಖಪುಷ್ಪದ ಬೀಜ ನಾಲ್ಕು ಕಂಬಿಯ ಬುಡಕ್ಕೆ ಹಾಕಿಡಿ.

ಬಿಜೈಯ ಅಕ್ಕನಿಗೆ: ಪಶ್ಚಿಮದ ಬಾಲ್ಕನಿಯ ಗೋಡೆ ಸಂಜೆಯಿಡೀ ಬಿಸಿಲು ಕುಡಿದು ರಾತ್ರಿ ಹತ್ತರವರೆಗೆ ಅದನ್ನು ಉಗುಳುತ್ತಿರುತ್ತದೆ. ಮಂಗಳೂರಿನ ರಾತ್ರಿಗಿಂತ ನಿಮ್ಮ ಬಾಲ್ಕನಿಯ ರಾತ್ರಿ ಇನ್ನಷ್ಟು ಬಿಸಿ. ಒಂದು ಸಾದಾ ಥರ್ಮಾಮೀಟರ್ ತೂಗುಹಾಕಿ ವಾರವಿಡೀ ರಾತ್ರಿ ಒಂಬತ್ತಕ್ಕೆ ಬರೆದಿಡಿ, ನಿಮಗೇ ಕಾಣುತ್ತದೆ. ಹಾಗಾಗಿ ಕಂಬಿಯ ಬದಿಗೆ ಬೋಗನ್‌ವಿಲ್ಲಾ ಅಥವಾ ಅಡೇನಿಯಂ, ಅದರ ನೆರಳಿನಲ್ಲಿ ಒಳಬದಿಗೆ ಎರಡು ಡೆಂಡ್ರೋಬಿಯಂ. ಗುಲಾಬಿಯ ಆಸೆ ಬಿಡಲಾಗದಿದ್ದರೆ ಒಂದೇ ಒಂದು ಬಟನ್ ಗುಲಾಬಿ.

ಈಗಾಗಲೇ ತಂದಿಟ್ಟ ಆ ಎರಡು ದೊಡ್ಡ ಗುಲಾಬಿಗಳನ್ನು ಏನು ಮಾಡಲಿ ಎಂದು ಕೇಳಿದ್ದೀರಿ. ಬಿಸಾಡಬೇಡಿ. ನನ್ನ ಹನ್ನೆರಡರಲ್ಲಿ ಉಳಿದ ನಾಲ್ಕು ಗಿಡಗಳನ್ನು ಆ ಸೆಪ್ಟೆಂಬರಿನಲ್ಲಿ ಘಟ್ಟದ ಮೇಲೆ ಕೊಪ್ಪದಲ್ಲಿರುವ ನನ್ನ ಅಕ್ಕನ ಮನೆಗೆ ಬಸ್ಸಿನಲ್ಲಿ ಕಳಿಸಿದ್ದೆ. ಅವಳು ವಿಶೇಷವೇನೂ ಮಾಡಲಿಲ್ಲ, ಕೊಟ್ಟಿಗೆಯ ಹಿಂದೆ ನೆಟ್ಟು ಸಗಣಿ ನೀರು ಹಾಕಿದಳು, ಅಷ್ಟೇ. ಜನವರಿಯಲ್ಲಿ ಹೂ ಬಿಟ್ಟಾಗ ಫೋನ್ ಮಾಡಿ, "ನೀನು ಕೆಂಪು ಅಂದದ್ದು ಸುಳ್ಳು ಮಾರಾಯ, ಇದು ಹೆಚ್ಚುಕಮ್ಮಿ ಕಪ್ಪೇ ಇದೆ" ಎಂದಳು.